ಹದಿನೈದು ಸಾವಿರ ಮಕ್ಕಳನ್ನು ಎತ್ತಿದ ಅವ್ವ



ಹಿಂದಿನ ಪಾಠಗಳಲ್ಲಿ ಅಕ್ಷರ ಕಲಿತಿರಿ. ಅಕ್ಷರ ಕೂಡಿಸಿ ಪದ ಓದಿದಿರಿ. ಇವತ್ತು ಒಬ್ಬ ತಾಯಿಯ ಕತೆ ಓದೋಣ. ಇದು ಕಟ್ಟಿದ ಕತೆ ಅಲ್ಲ. ನಮ್ಮ ನಾಡಿನಲ್ಲೇ ಬಾಳಿದ ಒಬ್ಬ ಅವ್ವನ ಕತೆ. ಆಕೆ ಶಾಲೆಗೆ ಹೋದವರಲ್ಲ. ಓದು ಬರಹ ಗೊತ್ತಿದ್ದವರಲ್ಲ. ಆದರೂ ಅವರ ಹೆಸರು ದಿಲ್ಲಿಯವರೆಗೂ ಹೋಯಿತು.

ಅವರ ಹೆಸರು ಸೂಲಗಿತ್ತಿ ನರಸಮ್ಮ.

೧. ಒಂದು ಪದ ಓದೋಣ

ಸೂಲಗಿತ್ತಿ. ಒಡೆದು ಓದಿ. ಸೂ – ಲ – ಗಿ – ತ್ತಿ.

ಸೂಲು ಅಂದರೆ ಹೆರಿಗೆ. ಹೆರಿಗೆ ಮಾಡಿಸುವ ಹೆಂಗಸು ಸೂಲಗಿತ್ತಿ. ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವ ಅಕ್ಕಂದಿರನ್ನು ನೋಡಿದ್ದೀರಿ. ಹೂ ಮಾರುವವಳು ಹೂವಾಡಗಿತ್ತಿ. ಹಾಗೆಯೇ ಸೂಲು ನೋಡುವವಳು ಸೂಲಗಿತ್ತಿ.

ನರಸಮ್ಮನವರಿಗೆ ಇದು ಬರೀ ಕೆಲಸದ ಹೆಸರಲ್ಲ. ಅವರ ಹೆಸರಿನ ಜೊತೆಗೇ ಸೇರಿಹೋಯಿತು. ನಾವು ಕೆಲವರನ್ನು ಮೇಷ್ಟ್ರು ಅಂತಲೇ ಕರೆಯುತ್ತೇವೆ, ಕೆಲವರನ್ನು ಡಾಕ್ಟ್ರು ಅಂತಲೇ ಕರೆಯುತ್ತೇವೆ. ಅವರನ್ನು ಜನ ಹಾಗೆ ಸೂಲಗಿತ್ತಿ ನರಸಮ್ಮ ಅಂತ ಕರೆದರು.

೨. ಕೃಷ್ಣಾಪುರದ ಹುಡುಗಿ

ತುಮಕೂರು ಜಿಲ್ಲೆಯಲ್ಲಿ ಪಾವಗಡ ಅಂತ ಒಂದು ತಾಲ್ಲೂಕು ಇದೆ. ಅದು ಆಂಧ್ರದ ಗಡಿಯ ತಾಲ್ಲೂಕು. ಅಲ್ಲಿ ಮಳೆ ಕಡಿಮೆ. ಬರ ಜಾಸ್ತಿ. ಅಲ್ಲಿ ಬಹಳ ಜನ ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ಹೊರಗೆ ಕನ್ನಡವನ್ನೂ ಮಾತಾಡುತ್ತಾರೆ.

ಆ ತಾಲ್ಲೂಕಿನ ಕೃಷ್ಣಾಪುರ ಎಂಬ ಊರಿನಲ್ಲಿ ೧೯೨೦ರಲ್ಲಿ ನರಸಮ್ಮ ಹುಟ್ಟಿದರು. ಬಡವರ ಮನೆ. ಶಾಲೆಯ ಮಾತೇ ಇಲ್ಲ. ಹನ್ನೆರಡನೇ ವಯಸ್ಸಿಗೆ ಮದುವೆ ಮಾಡಿದರು. ಗಂಡನ ಹೆಸರು ಅಂಜಿನಪ್ಪ.

ಹನ್ನೆರಡು ವರ್ಷ ಅಂದರೆ ಈಗಿನ ಲೆಕ್ಕದಲ್ಲಿ ಏಳನೇ ಕ್ಲಾಸಿನ ಹುಡುಗಿ. ಆ ಕಾಲದಲ್ಲಿ ಅದೇ ರೂಢಿ. ಈಗ ಹಾಗೆ ಮಾಡುವುದು ಅಪರಾಧ. ಹದಿನೆಂಟು ತುಂಬದೆ ಹುಡುಗಿಗೆ ಮದುವೆ ಮಾಡಬಾರದು.

ನರಸಮ್ಮನವರಿಗೆ ಹನ್ನೆರಡು ಮಕ್ಕಳು ಹುಟ್ಟಿದವು. ನಾಲ್ಕು ಮಕ್ಕಳು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡವು. ಈ ಸಾಲನ್ನು ಇನ್ನೊಂದು ಸಲ ಓದಿ. ಹೆತ್ತ ಹೊಟ್ಟೆಯ ಸಂಕಟ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

೩. ಅಜ್ಜಿಯೇ ಗುರು

ನರಸಮ್ಮನವರ ಅಜ್ಜಿ ಮರಿಗೆಮ್ಮ. ಅವರೂ ಸೂಲಗಿತ್ತಿ. ನರಸಮ್ಮನವರ ಐದು ಹೆರಿಗೆಗಳನ್ನು ಆ ಅಜ್ಜಿಯೇ ಮಾಡಿಸಿದರು. ಹೆರಿಗೆಯ ವಿದ್ಯೆಯನ್ನೂ ಅಜ್ಜಿಯೇ ಕಲಿಸಿದರು.

ಈ ವಿದ್ಯೆಗೆ ಪುಸ್ತಕ ಇರಲಿಲ್ಲ. ಪಕ್ಕದಲ್ಲಿ ಕೂತು ನೋಡಬೇಕು. ಹೇಳಿದ ಹಾಗೆ ಕೈ ಆಡಿಸಬೇಕು. ನೆನಪಿನಲ್ಲಿ ಇಟ್ಟುಕೊಳ್ಳಬೇಕು. ೧೯೪೦ರಲ್ಲಿ ನೆಂಟರೊಬ್ಬರ ಹೆರಿಗೆಯಲ್ಲಿ ನರಸಮ್ಮ ಮೊದಲ ಸಲ ಕೈ ಹಾಕಿದರು. ಆಗ ಅವರಿಗೆ ಇಪ್ಪತ್ತು ವರ್ಷ.

ಊರಿಗೆ ಅಲೆಮಾರಿ ಜನ ಬರುತ್ತಿದ್ದರು. ಅವರಿಗೆ ಸೊಪ್ಪು, ಬೇರು, ನಾರಿನ ಗುಣ ಗೊತ್ತಿತ್ತು. ನರಸಮ್ಮ ಅವರ ಹತ್ತಿರ ಕೂತು ಬಸುರಿಯರಿಗೆ ಕೊಡುವ ಔಷಧಿ ಮಾಡುವುದನ್ನು ಕಲಿತರು. ಯಾರ ಹತ್ತಿರ ವಿದ್ಯೆ ಇದೆಯೋ ಅವರ ಹತ್ತಿರ ಕಲಿತರು. ಅವರು ಯಾವ ಜನ, ಎಲ್ಲಿಯವರು ಅಂತ ನೋಡಲಿಲ್ಲ.

ವರ್ಷ ಕಳೆದ ಹಾಗೆ ಅವರ ಕೈ ಪಳಗಿತು. ಹೊಟ್ಟೆ ಮುಟ್ಟಿ ನೋಡಿದರೆ ಸಾಕು, ಮಗುವಿನ ತಲೆ ಎಲ್ಲಿದೆ ಅಂತ ಹೇಳುತ್ತಿದ್ದರು. ಮಗುವಿನ ನಾಡಿ ಹೇಗಿದೆ ಅಂತ ತಿಳಿಯುತ್ತಿದ್ದರು. ಕಣ್ಣಿಗೆ ಕಾಣದ್ದು ಅವರ ಬೆರಳಿಗೆ ಕಾಣುತ್ತಿತ್ತು.

೪. ಕೂಲಿ ಕೇಳದ ಕೈ

ಹೆರಿಗೆ ನೋವಿಗೆ ಹೊತ್ತು ಗೊತ್ತು ಇಲ್ಲ. ನಡುರಾತ್ರಿ ಬರಬಹುದು. ಮಳೆಯಲ್ಲಿ ಬರಬಹುದು. ಒಲೆಯ ಮೇಲೆ ಮುದ್ದೆ ಬೇಯುವಾಗ ಬರಬಹುದು. ಬಾಗಿಲು ಬಡಿದರೆ ಸೂಲಗಿತ್ತಿ ಏಳಬೇಕು. ತನ್ನ ಮನೆಯಲ್ಲಿ ಮಕ್ಕಳಿದ್ದರೂ ಇನ್ನೊಬ್ಬರ ಮನೆಗೆ ಹೋಗಬೇಕು.

ನರಸಮ್ಮ ಹೀಗೆ ಸುಮಾರು ಎಪ್ಪತ್ತು ವರ್ಷ ಹೋದರು. ಹದಿನೈದು ಸಾವಿರಕ್ಕಿಂತ ಹೆಚ್ಚು ಹೆರಿಗೆ ಮಾಡಿಸಿದರು. ಇದಕ್ಕೆ ಅವರು ಹಣ ಕೇಳಲಿಲ್ಲ. ಅದು ಅವರಿಗೆ ಸೇವೆ.

ಬನ್ನಿ, ಒಂದು ಸಣ್ಣ ಲೆಕ್ಕ ಮಾಡೋಣ. ಸ್ಲೇಟು ತೆಗೆದುಕೊಳ್ಳಿ.

೭೦ ವರ್ಷಕ್ಕೆ ೧೫,೦೦೦ ಹೆರಿಗೆ.
೧೫,೦೦೦ವನ್ನು ೭೦ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು ೨೧೪.
ವರ್ಷಕ್ಕೆ ೫೨ ವಾರ. ೨೧೪ನ್ನು ೫೨ರಿಂದ ಭಾಗಿಸಿದರೆ ಸುಮಾರು ೪.

ಅಂದರೆ ವಾರಕ್ಕೆ ನಾಲ್ಕು ಹೆರಿಗೆ. ಒಂದು ವಾರ ಅಲ್ಲ, ಒಂದು ವರ್ಷ ಅಲ್ಲ, ಎಪ್ಪತ್ತು ವರ್ಷ. ಹಬ್ಬ ಇಲ್ಲ, ರಜೆ ಇಲ್ಲ.

ದಾನ ಅಂದರೆ ದುಡ್ಡಿದ್ದವರು ಮಾಡುವುದು ಅಂತ ನಾವು ತಿಳಿದಿದ್ದೇವೆ. ನರಸಮ್ಮನವರ ಹತ್ತಿರ ದುಡ್ಡಿರಲಿಲ್ಲ. ಅವರ ಹತ್ತಿರ ಎರಡು ಕೈ ಇದ್ದವು, ಕಲಿತ ವಿದ್ಯೆ ಇತ್ತು, ಸಮಯ ಇತ್ತು. ಅವನ್ನೇ ದಾನ ಮಾಡಿದರು.

ಅವರು ವಿದ್ಯೆಯನ್ನು ಬಚ್ಚಿಟ್ಟುಕೊಳ್ಳಲೂ ಇಲ್ಲ. ಬೇರೆ ಹೆಂಗಸರಿಗೂ ಕಲಿಸಿದರು.

೫. ನಾಡು ಕೊಟ್ಟ ಗೌರವ

ಬಹಳ ವರ್ಷ ಅವರ ಹೆಸರು ಅವರ ಸೀಮೆಯ ಆಚೆ ಯಾರಿಗೂ ಗೊತ್ತಿರಲಿಲ್ಲ. ತೊಂಬತ್ತು ದಾಟಿದ ಮೇಲೆ ಗೌರವಗಳು ಬಂದವು.

೨೦೧೨ರಲ್ಲಿ ರಾಜ್ಯ ಸರ್ಕಾರ ದೇವರಾಜ ಅರಸು ಪ್ರಶಸ್ತಿ ಕೊಟ್ಟಿತು. ದೇವರಾಜ ಅರಸು ನಮ್ಮ ಮೈಸೂರು ಜಿಲ್ಲೆಯ ಹುಣಸೂರಿನ ಕಡೆಯವರು. ಮುಖ್ಯಮಂತ್ರಿ ಆಗಿದ್ದವರು. ಹಿಂದುಳಿದವರಿಗಾಗಿ ದುಡಿದವರು.

೨೦೧೩ರಲ್ಲಿ ಹಿರಿಯರಿಗೆ ಕೊಡುವ ರಾಷ್ಟ್ರ ಪ್ರಶಸ್ತಿ ಬಂತು.

೨೦೧೪ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಶಾಲೆಯ ಮೆಟ್ಟಿಲು ಹತ್ತದ ಅವ್ವ ಡಾಕ್ಟರ್ ನರಸಮ್ಮ ಆದರು.

೨೦೧೮ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಕೊಟ್ಟಿತು. ದಿಲ್ಲಿಯ ರಾಷ್ಟ್ರಪತಿ ಭವನದಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಅವರ ಕೈಗೆ ಕೊಟ್ಟರು.

ಅದೇ ವರ್ಷ ಡಿಸೆಂಬರ್ ೨೫ರಂದು ನರಸಮ್ಮ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ ೯೮ ವರ್ಷ.

೬. ನಮ್ಮ ಕೇಂದ್ರದಲ್ಲಿ ಎದ್ದ ಪ್ರಶ್ನೆ

ಈ ಪಾಠವನ್ನು ನಾನು ಮೊದಲು ಮೈಸೂರಿನ ನಮ್ಮ ಕಲಿಕಾ ಕೇಂದ್ರದಲ್ಲಿ ಓದಿ ಹೇಳಿದೆ. ಸಂಜೆ ಏಳು ಗಂಟೆ. ಊದುಬತ್ತಿ ಹೊಸೆಯುವ ಅಕ್ಕಂದಿರು, ಮನೆಗೆಲಸ ಮಾಡುವವರು, ಹೂ ಕಟ್ಟುವವರು ಎಲ್ಲ ಇದ್ದರು. ಒಬ್ಬ ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ ಅವರ ಮೊಮ್ಮಗಳು. ಅವಳಿಗೆ ಏಳು ತಿಂಗಳು.

ಪಾಠ ಮುಗಿದ ಕೂಡಲೇ ಅಜ್ಜಿ ಕೇಳಿದರು.

"ಟೀಚರಮ್ಮ, ನೋಡಿ ನೀವೇ ಹೇಳಿದ್ರಿ. ಆ ತಾಯಿ ಹದಿನೈದು ಸಾವಿರ ಹೆರಿಗೆ ಮನೇಲೇ ಮಾಡ್ಸವ್ರೆ. ನಾನೂ ಊರಲ್ಲಿದ್ದಾಗ ಹತ್ತಾರು ಮಾಡ್ಸಿವ್ನಿ. ನನ್ನ ಕೈಗುಣ ಚೆನ್ನಾಗದೆ. ಮತ್ತೆ ಇವಳಿಗೆ ಯಾಕೆ ಆಸ್ಪತ್ರೆ?"

ಎಲ್ಲರೂ ನನ್ನ ಮುಖ ನೋಡಿದರು. ಅಜ್ಜಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ನಾನು ಯೋಚನೆ ಮಾಡಿ ನಮ್ಮ ಮನೆಯ ಸಂಗತಿ ಹೇಳಿದೆ.

"ಅಜ್ಜಿ, ನಾನು ಹುಟ್ಟಿದ್ದೂ ಹಳ್ಳಿಯಲ್ಲಿ, ಸೂಲಗಿತ್ತಿ ಕೈಯಲ್ಲೇ. ಆಯಮ್ಮ ಎಲೆ ಅಡಿಕೆ ಬಿಟ್ಟು ಬೇರೆ ಏನೂ ತಗೊಳ್ಳಲಿಲ್ಲವಂತೆ. ಅವರನ್ನು ನಮ್ಮವ್ವ ಈಗಲೂ ನೆನೀತಾರೆ. ಆದ್ರೆ ನನಗಿಂತ ಮೊದಲು ಒಂದು ಮಗು ಹುಟ್ಟಿತ್ತು. ಅದೂ ಆಯಮ್ಮನ ಕೈಯಲ್ಲೇ. ಮಗು ಅಳಲಿಲ್ಲ. ಉಳಿಯಲಿಲ್ಲ. ನಮ್ಮವ್ವನಿಗೆ ರಕ್ತ ಹೋಗೋದು ನಿಲ್ಲಲಿಲ್ಲ. ಗಾಡಿ ಕಟ್ಟಿಕೊಂಡು ರಸ್ತೆಗೆ ಬಂದು, ಅಲ್ಲಿಂದ ಲಾರಿ ಹತ್ತಿಸಿ ಆಸ್ಪತ್ರೆಗೆ ತಂದರಂತೆ. ಹೇಗೋ ಬದುಕಿದರು."

ಅಜ್ಜಿ ಸುಮ್ಮನೆ ಕೇಳುತ್ತಿದ್ದರು.

"ಆಯಮ್ಮನ ಕೈಗುಣ ಕೆಟ್ಟದಾಗಿತ್ತಾ ಅಜ್ಜಿ? ಇಲ್ಲ. ಆಯಮ್ಮನ ಹತ್ತಿರ ಕೊಡೋಕೆ ರಕ್ತ ಇರಲಿಲ್ಲ. ಆಪರೇಷನ್ ಮಾಡೋ ಡಾಕ್ಟ್ರು ಇರಲಿಲ್ಲ. ಅಳದ ಮಗುವಿಗೆ ಉಸಿರು ಕೊಡೋ ಸಾಮಾನು ಇರಲಿಲ್ಲ. ಎಂಥ ಒಳ್ಳೆ ಕೈಯಾದರೂ ಅದರಲ್ಲಿ ರಕ್ತದ ಬಾಟ್ಲಿ ಇರೋಲ್ಲ."

ಹೂ ಕಟ್ಟುವ ಅಕ್ಕ ಹೇಳಿದರು: "ಆ ಕಾಲ್ದಲ್ಲಿ ಆಸ್ಪತ್ರೆ ದೂರ ಇತ್ತು. ಯಾರೂ ದಿಕ್ಕಿಲ್ಲದೋರಿಗೆ ನರಸಮ್ಮನೋರು ದಿಕ್ಕಾದ್ರು. ಈಗ ನಮ್ಗೆ ಚೆಲುವಾಂಬ ಆಸ್ಪತ್ರೆ ಇಲ್ಲೇ ಅದೆಯಲ್ಲ."

ಅವರು ಹೇಳಿದ್ದು ಸರಿ. ಹೆಚ್ಚಿನ ಹೆರಿಗೆ ಸುಸೂತ್ರವಾಗಿ ಆಗುತ್ತವೆ. ಆದರೆ ಯಾವ ಹೆರಿಗೆ ಕಷ್ಟವಾಗುತ್ತದೆ ಅಂತ ಮೊದಲೇ ಯಾರಿಗೂ ಪೂರ್ತಿ ಗೊತ್ತಾಗುವುದಿಲ್ಲ. ರಕ್ತ ಹೋಗಲು ಶುರುವಾದರೆ ಕಾಯಲು ಹೊತ್ತಿರುವುದಿಲ್ಲ. ಅದಕ್ಕೇ ಮೊದಲೇ ಆಸ್ಪತ್ರೆಯಲ್ಲಿ ಇರಬೇಕು.

ಆಮೇಲೆ ನನಗೆ ಒಂದು ಮಾತು ಹೊಳೆಯಿತು. ಎಲ್ಲರೂ ಮಾತಾಡಿದ್ದೆವು. ಬಸುರಿ ಹುಡುಗಿಯನ್ನು ಯಾರೂ ಕೇಳಿರಲಿಲ್ಲ.

"ನಿನಗೆ ಏನು ಅನ್ನಿಸುತ್ತಮ್ಮ?" ಅಂತ ಕೇಳಿದೆ.

ಅವಳು ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ನಂಗೆ ಮನೇಲಿ ಆಗೋದು ಅಂದ್ರೂ ಭಯ. ಆಸ್ಪತ್ರೇಲಿ ಒಬ್ಬಳೇ ಇರೋದು ಅಂದ್ರೂ ಭಯ. ಅಜ್ಜಿ ಜೊತೇಲಿ ಬಂದ್ರೆ ಆಸ್ಪತ್ರೆಗೆ ಹೋಯ್ತೀನಿ."

ಅಜ್ಜಿ ಅವಳ ಬೆನ್ನು ಸವರಿದರು. "ಬತ್ತೀನಿ ಬುಡವ್ವ. ಇದ್ನ ಮೊದ್ಲೇ ಹೇಳ್ಬಾರ್ದಾ?" ಅಂದರು.

೭. ನರಸಮ್ಮನವರಿಂದ ನಾವು ಏನು ಕಲಿಯಬೇಕು?

ಮನೆಯಲ್ಲೇ ಹೆರಿಗೆ ಮಾಡಿಸಬೇಕು ಅಂತ ಅಲ್ಲ. ನಾವು ಕಲಿಯಬೇಕಾದದ್ದು ಬೇರೆ.

ಕರೆದಾಗ ಹೋಗುವುದು. ಬಡವರು, ಬಲ್ಲಿದರು ಅಂತ ನೋಡದೆ ಹೋಗುವುದು. ನೋವಿನಲ್ಲಿರುವವರ ಕೈ ಹಿಡಿಯುವುದು. ಗೊತ್ತಿದ್ದದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವುದು.

ಈ ಕೆಲಸ ಇವತ್ತಿಗೂ ಇದೆ. ನಮ್ಮ ಬೀದಿಯಲ್ಲಿ ಯಾರು ಬಸುರಿ ಅಂತ ನಮಗೆ ಗೊತ್ತಿರುತ್ತದೆ. ಅವಳನ್ನು ತಪಾಸಣೆಗೆ ಕರೆದುಕೊಂಡು ಹೋಗಬಹುದು. ಅವಳು ಆಸ್ಪತ್ರೆಯಲ್ಲಿದ್ದರೆ ಅವಳ ದೊಡ್ಡ ಮಗುವಿಗೆ ಊಟ ಹಾಕಬಹುದು. ಓದಲು ಬಾರದವರಿಗೆ ತಾಯಿ ಕಾರ್ಡ್ ಓದಿ ಹೇಳಬಹುದು. ಇದಕ್ಕೆಲ್ಲ ಹಣ ಬೇಡ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಾಗ ಅವರ ಮಾತು ಕೇಳಿ. ಅವರ ಜೊತೆ ಕೈಜೋಡಿಸಿ.

೮. ನೆನಪಿನಲ್ಲಿ ಇಡಿ

ಬಸುರಿ ಅಂತ ತಿಳಿದ ಕೂಡಲೇ ಹೆಸರು ಬರೆಸಿ. ತಾಯಿ ಕಾರ್ಡ್ ಪಡೆಯಿರಿ.

ಹೆರಿಗೆಗೆ ಮುಂಚೆ ಕಡಿಮೆ ಅಂದರೂ ನಾಲ್ಕು ಸಲ ತಪಾಸಣೆ ಮಾಡಿಸಿ. ಪ್ರತಿ ತಿಂಗಳ ೯ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಇದು ೨೦೧೬ರಲ್ಲಿ ಶುರುವಾಯಿತು.

ಧನುರ್ವಾಯು ಬಾರದಂತೆ ಚುಚ್ಚುಮದ್ದು ಹಾಕಿಸಿ. ಕಬ್ಬಿಣ ಅಂಶದ ಮಾತ್ರೆ ತಪ್ಪದೆ ನುಂಗಿ. ರಾಗಿ, ಸೊಪ್ಪು, ಬೇಳೆ, ಹಾಲು, ಮೊಟ್ಟೆ ತಿನ್ನಿ. ಬಸುರಿ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದು ತಿನ್ನುವುದು ಬೇಡ.

ಈ ಲಕ್ಷಣ ಕಂಡರೆ ತಡ ಮಾಡಬೇಡಿ:
ರಕ್ತ ಹೋಗುವುದು.
ಫಿಟ್ಸ್ ಬರುವುದು.
ಮುಖ, ಕೈ ಊದಿಕೊಳ್ಳುವುದು.
ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು.
ಜೋರು ಜ್ವರ.
ಮಗು ಅಲುಗಾಡದೆ ಇರುವುದು.
ನೋವು ಬರುವ ಮೊದಲೇ ನೀರು ಹೋಗುವುದು.

ಕೂಡಲೇ ೧೦೮ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುತ್ತದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ. ಆಪರೇಷನ್ ಆದರೂ ಉಚಿತ. ಇದು ಯಾರೋ ಮಾಡುವ ಉಪಕಾರ ಅಲ್ಲ. ನಿಮ್ಮ ಹಕ್ಕು.

ಮಗು ಹುಟ್ಟಿದ ಒಂದು ಗಂಟೆಯ ಒಳಗೆ ಎದೆ ಹಾಲು ಕೊಡಿ. ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ. ಅದು ಮಗುವಿಗೆ ರೋಗ ತಡೆಯುವ ಶಕ್ತಿ ಕೊಡುತ್ತದೆ. ಆರು ತಿಂಗಳು ತುಂಬುವವರೆಗೆ ಎದೆ ಹಾಲು ಮಾತ್ರ ಸಾಕು. ಹೊಕ್ಕುಳಿಗೆ ಬೂದಿ, ಎಣ್ಣೆ, ಅರಿಸಿನ ಏನೂ ಹಚ್ಚಬೇಡಿ.

ಹುಟ್ಟಿದ ೨೧ ದಿನದ ಒಳಗೆ ಜನನ ನೋಂದಣಿ ಆಗಬೇಕು. ಜನನ ಪತ್ರ ಬಂದ ಮೇಲೆ ಅದರಲ್ಲಿರುವ ತಾಯಿಯ ಹೆಸರು, ತಂದೆಯ ಹೆಸರು, ತಾರೀಕು ನೀವೇ ಓದಿ ನೋಡಿ. ತಪ್ಪಿದ್ದರೆ ಆಗಲೇ ಹೇಳಿ. ಮುಂದೆ ಶಾಲೆಗೆ ಸೇರಿಸುವಾಗ ಅದು ಬೇಕು.

೯. ಅಜ್ಜಿ ಓದಿದ ಬೋರ್ಡು

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಜ್ಜಿ ಕೇಂದ್ರದ ಹತ್ತಿರ ಸಿಕ್ಕಿದರು. ಕೈಯಲ್ಲಿ ಕಲ್ಲುಸಕ್ಕರೆ ಪೊಟ್ಟಣ.

"ಹೆಣ್ಣು ಮಗು ಕಣ್ ಟೀಚರಮ್ಮ. ತಾಯಿ ಮಗು ಚೆನ್ನಾಗವ್ರೆ. ನೋವು ಶುರುವಾದಾಗ ನಾನೇ ಜೊತೇಲಿ ಹೋದೆ. ಆಸ್ಪತ್ರೆ ಮುಂದೆ ಆಟೋ ನಿಂತ್ಕೊಳ್ತು. ಎಷ್ಟೋ ಸಲ ಆ ದಾರೀಲಿ ಓಡಾಡಿವ್ನಿ. ಬೋರ್ಡ್ ಓದಿರ್ಲಿಲ್ಲ. ಅವತ್ತು ಓದ್ದೆ. ಚೆ – ಲು – ವಾಂ – ಬ."

ಒತ್ತಕ್ಷರ ಇಲ್ಲದ ಹೆಸರು, ಅದಕ್ಕೇ ಓದಲು ಆಯಿತು ಅಂತ ನಕ್ಕರು. ಆಮೇಲೆ ಹೇಳಿದರು: "ಮಗೀನ ಜನನ ಪತ್ರ ನಾನೇ ಓದ್ತೀನಿ. ಒತ್ತಕ್ಷರ ಬೇಗ ಕಲ್ಸಿ."

ನರಸಮ್ಮನವರು ಎತ್ತಿದ ಮಕ್ಕಳು ಈಗ ಅಜ್ಜ ಅಜ್ಜಿಯರಾಗಿದ್ದಾರೆ, ಅಪ್ಪ ಅಮ್ಮಂದಿರಾಗಿದ್ದಾರೆ. ಅವರನ್ನು ನೆನೆಯಲು ನಾವು ಕಲ್ಲು ನಿಲ್ಲಿಸಬೇಕಾಗಿಲ್ಲ. ನಮ್ಮ ಬೀದಿಯ ಒಬ್ಬ ಬಸುರಿಯ ಜೊತೆ ಆಸ್ಪತ್ರೆಗೆ ಹೋದರೆ ಸಾಕು.

ಅಭ್ಯಾಸ

*ಅ. ಹೊಸ ಪದಗಳು. ಜೋರಾಗಿ ಓದಿ, ಎರಡೆರಡು ಸಲ ಬರೆಯಿರಿ.*
ಸೂಲಗಿತ್ತಿ – ಹೆರಿಗೆ ಮಾಡಿಸುವವಳು
ಅಲೆಮಾರಿ – ಒಂದೇ ಊರಿನಲ್ಲಿ ನಿಲ್ಲದವರು
ಧನುರ್ವಾಯು – ಗಾಯದ ಮೂಲಕ ಬರುವ, ಮೈ ಸೆಟೆದುಕೊಳ್ಳುವ ರೋಗ
ತಪಾಸಣೆ – ಪರೀಕ್ಷೆ ಮಾಡುವುದು
ನೋಂದಣಿ – ಸರ್ಕಾರದ ಪುಸ್ತಕದಲ್ಲಿ ಹೆಸರು ಬರೆಸುವುದು

*ಆ. ಉತ್ತರ ಹೇಳಿ.*
೧. ನರಸಮ್ಮ ಯಾವ ತಾಲ್ಲೂಕಿನವರು?
೨. ಅವರಿಗೆ ಹೆರಿಗೆಯ ವಿದ್ಯೆ ಕಲಿಸಿದವರು ಯಾರು?
೩. ಪದ್ಮಶ್ರೀ ಬಂದದ್ದು ಯಾವ ವರ್ಷ?
೪. ಯಾವ ಲಕ್ಷಣ ಕಂಡರೆ ಬಸುರಿಯನ್ನು ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು? ಮೂರನ್ನು ಹೇಳಿ.

*ಇ. ಬಿಟ್ಟ ಜಾಗ ತುಂಬಿ.*
೧. ಆಂಬುಲೆನ್ಸ್ ಕರೆಯಲು ______ಕ್ಕೆ ಫೋನ್ ಮಾಡಬೇಕು.
೨. ಮಗು ಹುಟ್ಟಿದ ______ ದಿನದ ಒಳಗೆ ಜನನ ನೋಂದಣಿ ಆಗಬೇಕು.
೩. ______ ತಿಂಗಳು ತುಂಬುವವರೆಗೆ ಮಗುವಿಗೆ ಎದೆ ಹಾಲು ಮಾತ್ರ ಸಾಕು.

*ಈ. ಲೆಕ್ಕ ಮಾಡಿ.*
ನರಸಮ್ಮ ೧೯೪೦ರಲ್ಲಿ ಮೊದಲ ಹೆರಿಗೆಗೆ ಕೈ ಹಾಕಿದರು. ೨೦೧೮ರಲ್ಲಿ ತೀರಿಕೊಂಡರು. ನಡುವೆ ಎಷ್ಟು ವರ್ಷ?

*ಉ. ಕೂತು ಮಾತಾಡಿ.*
ನೀವು ಹುಟ್ಟಿದಾಗ ನಿಮ್ಮನ್ನು ಮೊದಲು ಎತ್ತಿಕೊಂಡವರು ಯಾರು? ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ. ಅವರ ಬಗ್ಗೆ ಮೂರು ಸಾಲು ಬರೆದುಕೊಂಡು ಬನ್ನಿ. ತಪ್ಪಾದರೂ ಚಿಂತೆ ಇಲ್ಲ. ನಿಮ್ಮ ಕೈಯಿಂದಲೇ ಬರೆಯಿರಿ.